ಸೆಂಟ್ರಲ್ ಲಾಕಿಂಗ್: ಒಂದು ಬಾಗಿಲು ಮಾತ್ರ ಮಾತು ಕೇಳದಿದ್ದಾಗ

ಡ್ರೈವರ್ ಬಾಗಿಲಲ್ಲಿ ಕೀ ತಿರುಗಿಸಿದರೆ, ಇಲ್ಲವೇ ರಿಮೋಟಿನ ಬಟನ್ ಒತ್ತಿದರೆ, ಕಾರಿನ ಎಲ್ಲ ಬಾಗಿಲುಗಳೂ ಒಟ್ಟಿಗೆ ಲಾಕ್ ಆಗುವ ಏರ್ಪಾಡಿಗೆ ಸೆಂಟ್ರಲ್ ಲಾಕಿಂಗ್ ಅನ್ನುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ಅದು ಕೆಟ್ಟಾಗ ಮಾತ್ರ ಒಂದು ತಪ್ಪು ಕಲ್ಪನೆಯಿಂದ ದುಡ್ಡು ಹೋಗುತ್ತದೆ. ಕಾರಿನೊಳಗೆ ಎಲ್ಲೋ ಒಂದು ದೊಡ್ಡ ಲಾಕ್ ಇದೆ, ಅದೇ ಕೆಟ್ಟಿದೆ ಅಂತ ಜನ ಅಂದುಕೊಳ್ಳುತ್ತಾರೆ. ನಿಜದಲ್ಲಿ ಪ್ರತಿ ಬಾಗಿಲಿಗೂ ಅದರದೇ ಲಾಕ್ ಇದೆ, ಅದನ್ನು ಎಳೆಯಲು ಅದರದೇ ಪುಟ್ಟ ಮೋಟರ್ ಇದೆ. ಇಡೀ ಕಾರಿಗೆ ಒಂದೇ ಇರುವುದು ಆಜ್ಞೆ ಕೊಡುವ ಕಂಟ್ರೋಲ್ ಯೂನಿಟ್. ಹಾಗಾಗಿ ರಿಪೇರಿ ಅಂದರೆ ಆ ಆಜ್ಞೆ ಎಲ್ಲಿವರೆಗೆ ತಲುಪಿತು, ಎಲ್ಲಿ ನಿಂತುಹೋಯಿತು ಅಂತ ಹುಡುಕುವುದು.

ಬಾಗಿಲಿಗೆ ವಿದ್ಯುತ್ ಲಾಕ್ ಹೊಸದೇನಲ್ಲ. ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1956ರಲ್ಲೇ ಇತ್ತು. ಹಳೆಯ ಮರ್ಸಿಡಿಸ್ ಕಾರುಗಳು ಮೋಟರಿನ ಬದಲು ಗಾಳಿಯ ಒತ್ತಡ ಬಳಸುತ್ತಿದ್ದವು. ತೆಳ್ಳನೆಯ ಕೊಳವೆಗಳಲ್ಲಿ ಗಾಳಿ ಎಳೆದು, ತಳ್ಳಿ ಲಾಕ್ ಕದಲಿಸುತ್ತಿದ್ದವು. ರಿಮೋಟ್ ಬಂದಿದ್ದು 1980ರ ದಶಕದ ಆರಂಭದಲ್ಲಿ, ಫ್ರಾನ್ಸಿನ ರೆನೋ ಫ್ಯುಯೆಗೊ ಕಾರಿನಲ್ಲಿ. ಅದನ್ನು ರೂಪಿಸಿದ ಪಾಲ್ ಲಿಪ್‌ಶುಟ್ಜ್ ಹೆಸರಿನಿಂದಲೇ ಫ್ರೆಂಚರು ಕಾರಿನ ರಿಮೋಟಿಗೆ ಇವತ್ತಿಗೂ ‘ಪ್ಲಿಪ್’ ಅನ್ನುತ್ತಾರೆ.

ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. ಮಾರುತಿ 800, ಆಲ್ಟೊ ತರಹದ ಕಾರುಗಳ ಬೇಸ್ ಮಾಡೆಲ್‌ಗಳಲ್ಲಿ ಈ ಸೌಕರ್ಯ ಇರುತ್ತಿರಲಿಲ್ಲ. ಜನ ಕಾರು ತಂದ ಮೇಲೆ ಆಕ್ಸೆಸರೀಸ್ ಅಂಗಡಿಗೆ ಹೋಗಿ ಕಿಟ್ ಹಾಕಿಸಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಾದರೆ ಜೆ.ಸಿ. ರೋಡ್ ಅದಕ್ಕೆ ಹೆಸರಾದ ಜಾಗ. ಈಗಲೂ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹೆಚ್ಚಾಗಿ ಸಿಗುವುದು ಇಂಥ ಕಿಟ್‌ಗಳೇ. ಆದ್ದರಿಂದ ಮೊದಲು ಕಿಟ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಕಂಪನಿ ಫಿಟ್ಟಿಂಗ್ ಆಮೇಲೆ ಸುಲಭವಾಗಿ ಅರ್ಥವಾಗುತ್ತದೆ.

ಡ್ರೈವರ್ ಬಾಗಿಲೊಳಗಿನ ಮೋಟರಿಗೆ ಐದು ವೈರ್. ಇದನ್ನು ಮಾಸ್ಟರ್ ಅನ್ನುತ್ತಾರೆ. ಉಳಿದ ಮೂರು ಬಾಗಿಲುಗಳ ಮೋಟರಿಗೆ ಎರಡೇ ವೈರ್. ಆ ಎರಡು ವೈರಿನಲ್ಲಿ ಕರೆಂಟ್ ಒಂದು ದಿಕ್ಕಿಗೆ ಹರಿದರೆ ಲಾಕ್, ಉಲ್ಟಾ ಹರಿದರೆ ಅನ್‌ಲಾಕ್. ಕರೆಂಟ್ ಸದಾ ಇರುವುದಿಲ್ಲ. ಸುಮಾರು ಅರ್ಧ ಸೆಕೆಂಡಿನಷ್ಟು ಹೊತ್ತು 12 ವೋಲ್ಟ್ ಬಂದು ಹೋಗುತ್ತದೆ, ಅಷ್ಟೇ. ಮಾಸ್ಟರಿನ ಹೆಚ್ಚುವರಿ ಮೂರು ವೈರ್ ಅದರೊಳಗಿನ ಒಂದು ಚಿಕ್ಕ ಸ್ವಿಚ್ಚಿಗೆ ಸೇರಿದವು. ಡ್ರೈವರ್ ಬಾಗಿಲು ಈಗ ಲಾಕ್ ಆಗಿದೆಯೋ ಇಲ್ಲವೋ ಅಂತ ಕಂಟ್ರೋಲ್ ಯೂನಿಟ್ಟಿಗೆ ಸುದ್ದಿ ಕೊಡುವುದು ಆ ಸ್ವಿಚ್. ಈ ಸ್ವಿಚ್ ಇದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಸೆಂಟ್ರಲ್ ಲಾಕಿಂಗಿನ ವಿಚಿತ್ರ ತೊಂದರೆಗಳಲ್ಲಿ ಬಹಳಷ್ಟು ಅಲ್ಲಿಂದಲೇ ಹುಟ್ಟುತ್ತವೆ.

ಈಗ ಕೆಟ್ಟಿದೆ ಅಂದುಕೊಳ್ಳಿ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸುಮ್ನೆ ಕಾರಿನೊಳಗೆ ಕೂತು, ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಲಾಕ್ ಮಾಡಿ, ಅನ್‌ಲಾಕ್ ಮಾಡಿ. ಯಾವ ಬಾಗಿಲು ಕೇಳಿತು, ಯಾವುದು ಕೇಳಲಿಲ್ಲ? ಏನು ಸದ್ದು ಬಂತು? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಈ ಐದು ನಿಮಿಷ ಕೊಡದೆ ನೇರವಾಗಿ ‘ಯೂನಿಟ್ ಹೋಗಿದೆ, ಬದಲಾಯಿಸಬೇಕು’ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ.

ನಾಲ್ಕೂ ಬಾಗಿಲು ಸುಮ್ಮನಿದ್ದರೆ, ರಿಮೋಟ್ ಬಿಟ್ಟು ಡ್ರೈವರ್ ಬಾಗಿಲಲ್ಲಿ ಕೀ ತಿರುಗಿಸಿ ನೋಡಿ. ಆಗ ಎಲ್ಲವೂ ಲಾಕ್ ಆದರೆ ತೊಂದರೆ ರಿಮೋಟಿನದು. ಸೆಲ್ ಬದಲಾಯಿಸಿ. ಕಂಪನಿ ಕೀಗಳಲ್ಲಿ ಸಾಮಾನ್ಯವಾಗಿ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ, ಸಿಆರ್2032 ತರಹದ್ದು. ಹೊರಗಿನ ಕಿಟ್ ರಿಮೋಟುಗಳಲ್ಲಿ ಅನೇಕಕ್ಕೆ 12 ವೋಲ್ಟಿನ ಗಿಡ್ಡ ಸೆಲ್ ಬೇಕು. ಒಂದು ಮಾತು. ಮೊಬೈಲ್ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಬೆಳಕು ಬರುತ್ತಾ ಅಂತ ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಅದು ಟಿವಿ ರಿಮೋಟಿಗೆ ಸರಿ. ಇವತ್ತಿನ ಕಾರಿನ ರಿಮೋಟ್ ಕಳಿಸುವುದು ರೇಡಿಯೊ ಅಲೆ, ನಮ್ಮಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್ ಆಸುಪಾಸಿನದು. ಅದು ಕ್ಯಾಮೆರಾಗೆ ಕಾಣುವುದಿಲ್ಲ.

ಕೀ ತಿರುಗಿಸಿದರೂ ಏನೂ ಆಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಯಾವುದು ಅಂತ ಬರೆದಿರುತ್ತದೆ. ಹೊರಗಿನ ಕಿಟ್ಟಾದರೆ ಅದರ ಫ್ಯೂಸ್ ಪ್ರತ್ಯೇಕವಾಗಿ, ಡ್ಯಾಶ್‌ಬೋರ್ಡ್ ಕೆಳಗೆ ವೈರಿನಲ್ಲೇ ನೇತಾಡುತ್ತಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗುತ್ತಿದೆ. ಆಗ ದೊಡ್ಡ ಆಂಪಿಯರಿನ ಫ್ಯೂಸ್ ಹಾಕಿ ಮುಚ್ಚುವುದು ಕಾರಿಗೆ ಬೆಂಕಿ ಹಚ್ಚಲು ದಾರಿ ಮಾಡಿಕೊಟ್ಟ ಹಾಗೆ. ದಯವಿಟ್ಟು ಮಾಡಬೇಡಿ.

ಬೆಳಿಗ್ಗೆ ಲಾಕ್ ನಿಧಾನ, ಎಂಜಿನ್ ಸ್ಟಾರ್ಟ್ ಆದ ಮೇಲೆ ಚುರುಕು ಅಂದರೆ ಮೊದಲು ಬ್ಯಾಟರಿಯನ್ನು ಅನುಮಾನಿಸಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಸುಮಾರಿಗೆ ಇರಬೇಕು. 12ಕ್ಕೆ ಇಳಿದಿದ್ದರೆ ನಾಲ್ಕು ಮೋಟರುಗಳು ಒಟ್ಟಿಗೆ ಎಳೆಯುವ ಕರೆಂಟನ್ನು ಅದು ತಾಳಿಕೊಳ್ಳುವುದಿಲ್ಲ.

ಒಂದೇ ಬಾಗಿಲು ಮಾತು ಕೇಳುತ್ತಿಲ್ಲ ಅನ್ನುವ ದೂರು ತುಂಬಾ ಸಾಮಾನ್ಯ. ಅಲ್ಲಿ ಸದ್ದೇ ದಾರಿ ತೋರಿಸುತ್ತದೆ. ಬಾಗಿಲಿಗೆ ಕಿವಿ ಕೊಟ್ಟಾಗ ‘ಗರ್ರ್’ ಅಂತ ಮೋಟರ್ ತಿರುಗಿದ ಸದ್ದು ಬರುತ್ತಿದೆ, ಲಾಕ್ ಮಾತ್ರ ಕದಲುತ್ತಿಲ್ಲ ಅಂದರೆ ಕರೆಂಟ್ ಸರಿಯಾಗಿ ಬರುತ್ತಿದೆ. ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಸವೆದಿರಬಹುದು, ಇಲ್ಲವೇ ಮೋಟರನ್ನೂ ಲಾಕನ್ನೂ ಜೋಡಿಸುವ ಕಂಬಿ ಕಳಚಿರಬಹುದು. ಕಂಬಿಯಾದರೆ ಕ್ಲಿಪ್ ಸಿಕ್ಕಿಸಿದರೆ ಸಾಕು. ಸದ್ದು ಬರುತ್ತದೆ, ಲಾಕ್ ಅರ್ಧ ಹೋಗಿ ನಿಲ್ಲುತ್ತದೆ ಅಂದರೆ ಲಾಕ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಕೈಯಿಂದಲೇ ನಾಬ್ ಒತ್ತಿ ನೋಡಿ. ಬೆರಳಿಗೇ ಬಿಗಿ ಅನ್ನಿಸಿದರೆ ಆ ಪುಟ್ಟ ಮೋಟರ್ ಏನು ಮಾಡೀತು? ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಕೊಳೆ ತೆಗೆಯಿರಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅದು ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಮೇಲೆ ಸ್ವಲ್ಪ ಬಿಳಿ ಗ್ರೀಸ್ ಹಚ್ಚಬೇಕು. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರುಗಳಿಗೆ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಇದನ್ನು ಮಾಡಿಸುವುದು ಒಳ್ಳೆಯದು.

ಬಾಗಿಲಲ್ಲಿ ಯಾವ ಸದ್ದೂ ಇಲ್ಲ ಅಂದಾಗ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚುವ ಆತುರ ಬೇಡ. ಬಾಗಿಲು ತೆರೆದು, ಕೀಲಿನ ಪಕ್ಕ, ಬಾಡಿಯಿಂದ ಬಾಗಿಲಿಗೆ ಹೋಗುವ ಕಪ್ಪು ರಬ್ಬರ್ ಕೊಳವೆ ನೋಡಿ. ಬಾಗಿಲಿಗೆ ಹೋಗುವ ಎಲ್ಲ ವೈರುಗಳೂ ಅದರೊಳಗಿವೆ. ಬಾಗಿಲು ತೆರೆದಾಗಲೆಲ್ಲ, ಮುಚ್ಚಿದಾಗಲೆಲ್ಲ ಅವು ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ನೋಡಿದರೆ ಚೆನ್ನಾಗಿಯೇ ಇರುತ್ತದೆ. ನನ್ನ ಮಟ್ಟಿಗೆ, ಹಳೆಯ ಕಾರಿನಲ್ಲಿ ಒಂದು ಬಾಗಿಲು ಪೂರ್ತಿ ಮೌನವಾದರೆ ಮೊದಲ ಗುಮಾನಿ ಇದರ ಮೇಲೆಯೇ. ಪರೀಕ್ಷೆ ಸುಲಭ. ಒಬ್ಬರು ಲಾಕ್ ಬಟನ್ ಒತ್ತುತ್ತಿರಲಿ, ಇನ್ನೊಬ್ಬರು ಬಾಗಿಲನ್ನು ನಿಧಾನವಾಗಿ ಆಚೀಚೆ ಆಡಿಸಲಿ. ಯಾವುದೋ ಒಂದು ಕೋನದಲ್ಲಿ ಲಾಕ್ ಕೆಲಸ ಮಾಡಿ, ಇನ್ನೊಂದರಲ್ಲಿ ಸುಮ್ಮನಾದರೆ ವೈರ್ ಒಳಗೆ ತುಂಡಾಗಿದೆ. ಅದೇ ಬಾಗಿಲಿನ ಪವರ್ ವಿಂಡೋ ಅಥವಾ ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಅನುಮಾನವೇ ಬೇಡ. ಇಲ್ಲಿ ವೈರ್ ತಿರುಚಿ ಟೇಪ್ ಸುತ್ತುವುದು ಸಾಲದು, ಮತ್ತೆ ಅದೇ ಮಡಿಕೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಸ ವೈರಿನ ತುಂಡು ಸೇರಿಸಿ, ಎರಡೂ ಜೋಡಣೆ ಕೊಳವೆಯ ಮಡಿಕೆಯಿಂದ ಆಚೆ ಬರುವಂತೆ ಮಾಡಿಸಿ.

ವೈರ್ ಸರಿ ಇದ್ದರೆ ಆಗ ಡೋರ್ ಪ್ಯಾಡ್ ತೆಗೆದು ಮೋಟರಿನ ಕಪ್ಲರ್ (ವೈರುಗಳು ಸೇರುವ ಪ್ಲಗ್) ಬಿಚ್ಚಿ. ಇಲ್ಲಿ ಮಲ್ಟಿಮೀಟರಿಗಿಂತ 12 ವೋಲ್ಟಿನ ಸಾದಾ ಬಲ್ಬಿನ ಟೆಸ್ಟ್ ಲ್ಯಾಂಪ್ ಮೇಲು. ಅರ್ಧ ಸೆಕೆಂಡಿನ ಕರೆಂಟನ್ನು ಹಿಡಿಯುವಷ್ಟರಲ್ಲಿ ಡಿಜಿಟಲ್ ಮೀಟರಿನ ಅಂಕಿ ಇನ್ನೂ ಓಡುತ್ತಿರುತ್ತದೆ. ಬಲ್ಬ್ ಆದರೆ ಪಳಕ್ಕನೆ ಮಿಂಚುತ್ತದೆ. ಲಾಕಿಗೂ ಅನ್‌ಲಾಕಿಗೂ ಬಲ್ಬ್ ಮಿಂಚಿದರೆ ಮೋಟರ್ ಹೋಗಿದೆ. ಕಿಟ್ ಮೋಟರಾದರೆ ಕೆಲವು ನೂರು ರೂಪಾಯಿಯ ಸಾಮಾನು. ಕಂಪನಿ ಫಿಟ್ಟಿಂಗಿನಲ್ಲಿ ಸಾಮಾನ್ಯವಾಗಿ ಮೋಟರೂ ಲಾಕೂ ಒಂದೇ ಜೋಡಣೆಯಾಗಿ ಬರುತ್ತದೆ, ಹಾಗಾಗಿ ಜಾಸ್ತಿ ಖರ್ಚು. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಲು ಬಿಡಬೇಡಿ. ಗಾಜಿನ ಸಂದಿಯಿಂದ ಇಳಿಯುವ ನೀರು ಒಳಗೆ ಬಾರದಂತೆ ತಡೆಯುವುದು ಅದೇ.

ಇನ್ನು ಆ ವಿಚಿತ್ರ ತೊಂದರೆ. ಲಾಕ್ ಆಗುತ್ತದೆ, ಮರುಕ್ಷಣ ಎಲ್ಲ ಬಾಗಿಲೂ ತಾನಾಗಿ ತೆರೆದುಕೊಳ್ಳುತ್ತವೆ. ಕಂಟ್ರೋಲ್ ಯೂನಿಟ್ ಕೆಟ್ಟಿದೆ ಅಂತ ಅದನ್ನು ಬದಲಾಯಿಸಿದವರು ಎಷ್ಟೋ ಜನ. ಹೊಸ ಯೂನಿಟ್ಟಿನಲ್ಲೂ ಅದೇ ಆಟ. ಕಾರಣ ಮಾಸ್ಟರಿನ ಸ್ವಿಚ್. ಡ್ರೈವರ್ ಬಾಗಿಲಿನ ಕಂಬಿ ಸ್ವಲ್ಪ ಜಾರಿದ್ದರೆ, ಲಾಕ್ ಬಿಗಿಯಾಗಿದ್ದರೆ, ಮಾಸ್ಟರ್ ಪೂರ್ತಿ ಕೆಳಗಿಳಿಯುವುದಿಲ್ಲ. ಅದರ ಸ್ವಿಚ್ ‘ನಾನಿನ್ನೂ ತೆರೆದೇ ಇದ್ದೇನೆ’ ಅಂತ ಸುದ್ದಿ ಕಳಿಸುತ್ತದೆ. ಯೂನಿಟ್ ಅದನ್ನು ನಂಬಿ ಎಲ್ಲವನ್ನೂ ತೆರೆಯುತ್ತದೆ. ಕಂಬಿಯ ಸ್ಕ್ರೂ ಸಡಿಲಿಸಿ, ಕೆಲವು ಮಿಲಿಮೀಟರ್ ಸರಿಹೊಂದಿಸಿ ಬಿಗಿ ಮಾಡಿದರೆ ಸರಿಯಾಗುತ್ತದೆ. ಕಂಪನಿ ಫಿಟ್ಟಿಂಗಿನ ಕಾರುಗಳಲ್ಲಿ ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇದೆ. ಯಾವುದೋ ಬಾಗಿಲು ಅಥವಾ ಡಿಕ್ಕಿ ಸರಿಯಾಗಿ ಮುಚ್ಚಿಲ್ಲ ಅಂತ ಕಾರು ತಿಳಿದಿರುತ್ತದೆ. ಎಲ್ಲ ಮುಚ್ಚಿದರೂ ಒಳಗಿನ ಲೈಟ್ ಉರಿಯುತ್ತಿದ್ದರೆ ಅದೇ ಸುಳಿವು.

ದೋಷ ಅನ್ನಿಸಿಯೂ ದೋಷವಲ್ಲದ ಕೆಲವು ಇವೆ. ರಿಮೋಟಿನಿಂದ ತೆರೆದು ಬಾಗಿಲು ತೆಗೆಯದೆ ಬಿಟ್ಟರೆ ಅನೇಕ ಕಾರುಗಳು ಅರ್ಧ ನಿಮಿಷದ ಸುಮಾರಿಗೆ ಮತ್ತೆ ಲಾಕ್ ಆಗುತ್ತವೆ, ಅದು ಬೇಕಂತಲೇ ಮಾಡಿದ ಏರ್ಪಾಡು. ಮಕ್ಕಳು ಬಟನ್ ಸತತವಾಗಿ ಒತ್ತಿದರೆ ಕೆಲವು ಕಾರುಗಳಲ್ಲಿ ಮೋಟರ್ ಬಿಸಿಯಾಗದಿರಲಿ ಅಂತ ಸ್ವಲ್ಪ ಹೊತ್ತು ಕೆಲಸ ನಿಲ್ಲುತ್ತದೆ. ಹಿಂದಿನ ಬಾಗಿಲು ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ ಅಂದರೆ ಅದು ಚೈಲ್ಡ್ ಲಾಕ್. ಬಾಗಿಲಿನ ಅಂಚಿನಲ್ಲಿರುವ ಪುಟ್ಟ ಕಡ್ಡಿ ಸರಿಸಿದರೆ ಮುಗಿಯಿತು. ಇದಕ್ಕೂ ಸೆಂಟ್ರಲ್ ಲಾಕಿಂಗಿಗೂ ಸಂಬಂಧವಿಲ್ಲ. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು ಅನ್ನುವ ನಿಯಮ 2019ರ ಜುಲೈಯಿಂದ ಬಂದಿದೆ.

ಅದೇ 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಕಾರುಗಳಲ್ಲಿ ಇನ್ನೊಂದು ವಿಷಯ ಕಡ್ಡಾಯವಾಯಿತು. ವಿದ್ಯುತ್ ಇಲ್ಲದಿದ್ದರೂ ಸೆಂಟ್ರಲ್ ಲಾಕನ್ನು ಕೈಯಿಂದಲೇ ಬಿಡಿಸಲು ಆಗಬೇಕು. ಅಪಘಾತವಾಗಿ, ನೀರಿಗೆ ಸಿಕ್ಕಿ, ಬೆಂಕಿ ಬಿದ್ದು ವೈರಿಂಗ್ ಸತ್ತಾಗ ಒಳಗಿರುವವರ ಜೀವ ಇದರ ಮೇಲೆ ನಿಂತಿರುತ್ತದೆ. ಹಾಗಾಗಿ ಲಾಕ್ ಸರಿಯಿದ್ದಾಗಲೇ ನಿಮ್ಮ ಕಾರಿನ ಪ್ರತಿ ಬಾಗಿಲನ್ನೂ ಒಳಗಿನಿಂದ ಕೈಯಿಂದ ತೆರೆದು ನೋಡಿ, ಮನೆಯ ಎಲ್ಲರಿಗೂ ತೋರಿಸಿ. ಸ್ಮಾರ್ಟ್ ಕೀ ಇರುವವರು ಅದರೊಳಗೆ ಅಡಗಿರುವ ಲೋಹದ ಕೀಯನ್ನು ಒಮ್ಮೆ ಹೊರತೆಗೆದು, ಡ್ರೈವರ್ ಬಾಗಿಲಿನ ಹಿಡಿಯ ಹತ್ತಿರ ಅದರ ರಂಧ್ರ ಎಲ್ಲಿದೆ ಅಂತ ಹುಡುಕಿಡಿ. ಕೆಲವು ಕಾರುಗಳಲ್ಲಿ ಅದರ ಮೇಲೆ ಮುಚ್ಚಳ ಇರುತ್ತದೆ. ಬ್ಯಾಟರಿ ಪೂರ್ತಿ ಇಳಿದ ದಿನ ಒಳಗೆ ಹೋಗಲು ಇರುವ ದಾರಿ ಅದೊಂದೇ.

ರಿಪೇರಿ ಮುಗಿದ ಮೇಲೆ ಬಾಗಿಲು ಮುಚ್ಚಿ ಪರೀಕ್ಷೆ ಮಾಡಬೇಡಿ. ಹೊಸ ಮೋಟರ್ ಸಿಕ್ಕಿಹಾಕಿಕೊಂಡರೆ ಮುಚ್ಚಿದ ಬಾಗಿಲಿನ ಡೋರ್ ಪ್ಯಾಡ್ ಬಿಚ್ಚುವುದು ತುಂಬಾ ಕಷ್ಟ. ಬಾಗಿಲು ತೆರೆದೇ ಇರಲಿ. ಅಂಚಿನಲ್ಲಿರುವ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ತಳ್ಳಿ, ಮುಚ್ಚಿದ ಸ್ಥಿತಿಗೆ ತನ್ನಿ. ಆಮೇಲೆ ಲಾಕ್, ಅನ್‌ಲಾಕ್ ಕೆಲವು ಸಲ ಮಾಡಿ, ಅನ್‌ಲಾಕ್ ಮಾಡಿದ ಪ್ರತಿ ಸಲವೂ ಹಿಡಿ ಎಳೆದು ಕೊಕ್ಕೆ ಬಿಡುತ್ತದೆಯಾ ನೋಡಿ. ರಿಮೋಟ್, ಕೀ, ಒಳಗಿನ ನಾಬ್ ಮೂರರಿಂದಲೂ ಸರಿಯಾಗಿ ನಡೆದರೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಡೋರ್ ಪ್ಯಾಡ್ ಕೂರಿಸಬಹುದು.