ರಾತ್ರಿ ಕಟ್ಟಿದ ಐಸು, ಹಗಲಿನ ಎಸಿ

ಹಾಲಿನ ಡೇರಿಯಲ್ಲಿ ಕೆಲಸ ಮಾಡಿದವರಿಗೆ ಐಸ್ ಬ್ಯಾಂಕ್ ಹೊಸದಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಬರುತ್ತದೆ. ಬಂದದ್ದನ್ನೆಲ್ಲ ಬೇಗ 4 ಡಿಗ್ರಿಗೆ ಇಳಿಸಬೇಕು. ಆ ಎರಡು ಹೊತ್ತಿಗಾಗಿ ದೊಡ್ಡ ಕಂಪ್ರೆಸರ್ ಇಟ್ಟರೆ ಮಿಕ್ಕ ಹೊತ್ತು ಅದು ಸುಮ್ನೆ ನಿಂತಿರುತ್ತದೆ. ಅದಕ್ಕೇ ಚಿಕ್ಕದನ್ನು ಇಟ್ಟು, ನಡುವಿನ ಗಂಟೆಗಳಲ್ಲಿ ನೀರಿನ ತೊಟ್ಟಿಯೊಳಗಿನ ಕೊಳವೆಗಳ ಮೇಲೆ ಐಸು ಕಟ್ಟಿಸುತ್ತಾರೆ. ನಸುಕಿನಲ್ಲಿ ಮುಚ್ಚಳ ತೆಗೆದರೆ ಒಂದೊಂದು ಕೊಳವೆಯೂ ಬಾಳೆದಿಂಡಿನ ಹಾಗೆ ಬೆಳ್ಳಗೆ ಕಾಣುತ್ತದೆ. ಹಾಲು ತಣಿದ ಮೇಲೆ ನೋಡಿ, ಬರೀ ಕಬ್ಬಿಣ.

ಕಟ್ಟಡದ ಎಸಿಗೂ ಇದೇ ಉಪಾಯ. ನ್ಯೂಯಾರ್ಕಿನ ಬ್ಯಾಂಕ್ ಆಫ್ ಅಮೆರಿಕಾ ಟವರಿನಲ್ಲಿ ಇಂಥ 44 ತೊಟ್ಟಿಗಳಿವೆ. 1 ಕೆಜಿ ಐಸು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. 1 ಕೆಜಿ ತಣ್ಣೀರು 5ರಿಂದ 12 ಡಿಗ್ರಿಗೆ ಏರುವಾಗ ಹೀರುವುದು ಸುಮಾರು 29. ಹಾಗಾಗಿ ಐಸಿನ ತೊಟ್ಟಿಗೆ ಜಾಗ ಕಡಿಮೆ ಸಾಕು.

ಒಂದು ಲೆಕ್ಕ ನೋಡೋಣ. ಆಫೀಸು ಹಗಲು 10 ಗಂಟೆ ನಡೆಯುತ್ತದೆ. ಮಧ್ಯಾಹ್ನ 100 ಟನ್ ತಂಪು ಬೇಕು, ಸರಾಸರಿ 75 ಟನ್ (ಇಲ್ಲಿ ಟನ್ ಅಂದರೆ ತೂಕವಲ್ಲ, ಎಸಿಯ ತಂಪಿನ ಅಳತೆ). ಅಂದರೆ ದಿನಕ್ಕೆ 750 ಟನ್-ಗಂಟೆ. ನೇರವಾಗಿ ಮಾಡಿದರೆ 100 ಟನ್ ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಬೇಕು. ರಾತ್ರಿ 10 ಗಂಟೆ ಐಸು ಕಟ್ಟಿಸಿ, ಹಗಲೂ ಅದೇ ಚಿಲ್ಲರನ್ನು ಓಡಿಸಿದರೆ ಸುಮಾರು 45 ಟನ್ನಿನದೇ ಸಾಕು. ಐಸು ಕಟ್ಟುವಾಗ ಚಿಲ್ಲರಿನ ಶಕ್ತಿ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ, ಅದನ್ನೂ ಹಿಡಿದೇ ಹೇಳುತ್ತಿದ್ದೇನೆ.

ಆದರೆ ಇದರಿಂದ ಯೂನಿಟ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐಸು ಕಟ್ಟಿಸಲು ಕೊಳವೆಯೊಳಗೆ ಹರಿಸುವ, ಹೆಪ್ಪುಗಟ್ಟದ ಗ್ಲೈಕಾಲ್ ದ್ರವವನ್ನು ಸೊನ್ನೆಗಿಂತ ಕೆಳಗೆ ತಣಿಸಲು ಕರೆಂಟು ಜಾಸ್ತಿಯೇ ಬೇಕು. ರಾತ್ರಿಯ ತಂಪು ಗಾಳಿ ಸ್ವಲ್ಪ ಸರಿದೂಗಿಸುತ್ತದೆ, ಅಷ್ಟೆ. ಉಳಿತಾಯ ಇರುವುದು ಡಿಮ್ಯಾಂಡ್ ಚಾರ್ಜಿನಲ್ಲಿ (ಒಮ್ಮೆಗೇ ಎಳೆಯುವ ಅತಿ ಹೆಚ್ಚು ಕರೆಂಟಿನ ಲೆಕ್ಕದಲ್ಲಿ ಕಟ್ಟುವ ಶುಲ್ಕ) ಮತ್ತು ಹೊತ್ತಿಗೊಂದು ದರದಲ್ಲಿ. ರಾತ್ರಿ ಕರೆಂಟೇ ಅಗ್ಗ ಅಂತಲೂ ಹೊರಡಬೇಡಿ. 2023ರಲ್ಲಿ ತಿದ್ದಿದ ಕೇಂದ್ರದ ನಿಯಮ ಬಿಸಿಲು ಹೊತ್ತಿನ ದರವನ್ನು ಮಾಮೂಲಿಗಿಂತ ಕಡಿಮೆ ಇಡಲು ಹೇಳುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು 12 ತಿಂಗಳ ಬಿಲ್ಲು. ಮುಹೂರ್ತದ ನಾಲ್ಕು ಗಂಟೆಗೆ ತುಂಬಿ ಆಮೇಲೆ ಖಾಲಿಯಾಗುವ ಕಲ್ಯಾಣ ಮಂಟಪಕ್ಕೆ ಐಸು ಚೆನ್ನಾಗಿ ಒಗ್ಗುತ್ತದೆ. ಹಗಲೂ ರಾತ್ರಿ ಒಂದೇ ಸಮನೆ ಎಸಿ ಓಡಿಸುವ ಕಡೆ ಬೇಡ ಅಂತಲೇ ಹೇಳುತ್ತೇನೆ.

ಹಾಕಿಸಿದ ಮೇಲೆ ಐಸಿನ ದಪ್ಪದ ಮೇಲೆ ಕಣ್ಣಿರಬೇಕು. ಐಸು ದಪ್ಪವಾದಷ್ಟೂ ಕೊಳವೆಗೆ ಕಂಬಳಿ ಹೊದಿಸಿದ ಹಾಗೆ, ಕಂಪ್ರೆಸರ್ ಇನ್ನಷ್ಟು ತಿಣುಕುತ್ತದೆ. ಒಂದು ಕಟ್ಟಡದಲ್ಲಿ ದಪ್ಪ ಅಳೆಯುವ ಸೆನ್ಸರ್ ಕೆಟ್ಟಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ರಾತ್ರಿಯಿಡೀ ಐಸು ಬೆಳೆದು ಕೊಳವೆ ಕೊಳವೆಗೂ ಅಂಟಿಕೊಂಡಿತು, ನಡುವೆ ನೀರು ಹರಿಯಲು ಸಂದೇ ಉಳಿಯಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ತೊಟ್ಟಿ ತುಂಬ ಐಸು, ಮೇಲಿನ ಮಹಡಿಯಲ್ಲಿ ಜನ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಈಗ ಅಲ್ಲಿನ ಆಪರೇಟರ್ ದಿನಾ ಬೆಳಿಗ್ಗೆ 6ಕ್ಕೆ ಮುಚ್ಚಳ ತೆಗೆದು, ಸ್ಕೇಲ್ ಹಿಡಿದು ಅಳೆದು, ಪುಸ್ತಕದಲ್ಲಿ ಬರೆದಿಡುತ್ತಾರೆ.