ಹೆಸರು ಕನಕಪುರವೇ, ಊರುಗಳು ಬೇರೆ

ಟಿಕೆಟ್ ಹಂಚಿಕೆ ಹತ್ತಿರ ಬಂದಾಗಲೆಲ್ಲ ನನ್ನ ಮೊಬೈಲಿಗೆ ಒಂದೇ ಬಗೆಯ ಕೋಷ್ಟಕಗಳು ಬಂದು ಬೀಳುತ್ತವೆ. ಎಡಗಡೆ ವರ್ಷ, ನಡುವೆ ಗೆದ್ದವರ ಹೆಸರು ಮತ್ತು ಪಕ್ಷ, ಕೊನೆಗೆ ಅಂತರ. ಕೆಳಗೊಂದು ಪ್ರಶ್ನೆ: ‘ಟ್ರೆಂಡ್ ಏನು ಹೇಳುತ್ತದೆ ಸರ್?’ ಪಕ್ಷಗಳಿಗೂ ಪತ್ರಿಕೆಗಳಿಗೂ ಮತಗಟ್ಟೆವಾರು ಲೆಕ್ಕ ಮಾಡಿಕೊಡುವುದು ನನ್ನ ಕಸುಬು. ಆದ್ದರಿಂದ ಉತ್ತರ ಹೇಳಲೇಬೇಕು. ಎಲ್ಲರಿಗೂ ಹೇಳುವುದು ಒಂದೇ: ಆ ಕೋಷ್ಟಕದಲ್ಲಿ 2004ರ ಸಾಲಿನ ಕೆಳಗೆ ದಪ್ಪಗೆ ಒಂದು ಗೆರೆ ಎಳೆಯಿರಿ. ಮೇಲಿನದು ಒಂದು ಕ್ಷೇತ್ರ, ಕೆಳಗಿನದು ಇನ್ನೊಂದು.

ಕನಕಪುರವನ್ನೇ ನೋಡೋಣ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಅಲ್ಲಿನ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಬಂದರು. 1985ರಿಂದ 2004ರವರೆಗೆ ಪಿ.ಜಿ.ಆರ್. ಸಿಂಧ್ಯಾ ಸತತವಾಗಿ ಗೆದ್ದರು. 2008ರಿಂದ ಈಚೆಗೆ ಡಿ.ಕೆ. ಶಿವಕುಮಾರ್ ಬಿಟ್ಟರೆ ಬೇರೆ ಹೆಸರಿಲ್ಲ. ಕೋಷ್ಟಕ ನೋಡಿದವರು ಕೂಡಲೇ ತೀರ್ಪು ಕೊಡುತ್ತಾರೆ: ಜನತಾ ಪರಿವಾರದ ಭದ್ರಕೋಟೆ ಒಂದೇ ಏಟಿಗೆ ಕಾಂಗ್ರೆಸ್ಸಿಗೆ ಉರುಳಿತು, ಮತದಾರ ಮನಸ್ಸು ಬದಲಿಸಿದ. ಆದರೆ 2004ರಲ್ಲಿ ಸಿಂಧ್ಯಾ ಅವರನ್ನು ಗೆಲ್ಲಿಸಿದ ಮತದಾರರೂ 2008ರಲ್ಲಿ ಶಿವಕುಮಾರ್ ಅವರನ್ನು ಗೆಲ್ಲಿಸಿದ ಮತದಾರರೂ ಒಂದೇ ಗುಂಪಿನವರಲ್ಲ.

ನಡೆದದ್ದು ಇಷ್ಟು. 2001ರ ಜನಗಣತಿಯನ್ನು ಆಧರಿಸಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಆಯೋಗ ಕ್ಷೇತ್ರಗಳನ್ನು ಪುನರ್ವಿಂಗಡಣೆ ಮಾಡಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮೊದಲ ಬಾರಿ ಆ ಹೊಸ ಗಡಿಗಳಲ್ಲಿ ಮತ ಹಾಕಿತು. ಸ್ಥಾನಗಳ ಸಂಖ್ಯೆ 224ರಲ್ಲೇ ನಿಂತದ್ದರಿಂದ ಏನೂ ಬದಲಾಗಿಲ್ಲ ಎಂಬ ಭ್ರಮೆ ಹಲವರಿಗೆ. ಒಳಗೆ ಎಲ್ಲವೂ ಅಲ್ಲಾಡಿತ್ತು. ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳೇ ಎರಡರಿಂದ ಹದಿನೈದಕ್ಕೆ ಏರಿದವು. ಸಾತನೂರು ಕ್ಷೇತ್ರ ರದ್ದಾಯಿತು. ಶಿವಕುಮಾರ್ 1989ರಿಂದ ಗೆಲ್ಲುತ್ತ ಬಂದದ್ದು ಅಲ್ಲಿಂದಲೇ. 1999ರಲ್ಲಿ ಅವರು ಎಚ್.ಡಿ. ಕುಮಾರಸ್ವಾಮಿ ಅವರನ್ನು ಸೋಲಿಸಿದ್ದೂ ಅಲ್ಲೇ. ಆ ಸಾತನೂರಿನ ಸೀಮೆ ಹೊಸ ಕನಕಪುರಕ್ಕೆ ಬಂತು. ಅದೇ ಹೊತ್ತಿಗೆ ಕನಕಪುರ ತಾಲ್ಲೂಕಿನ ಹಾರೋಹಳ್ಳಿ, ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರದ ಪಾಲಾದವು. ಒಂದು ಕಡೆಯ ಊರುಗಳು ಹೊರಗೆ ಹೋದವು, ಇನ್ನೊಂದು ಕಡೆಯವು ಒಳಗೆ ಬಂದವು. ಪೋಡಿಯಾಗಿ ಅರ್ಧ ಜಮೀನು ಬೇರೆಯವರ ಹೆಸರಿಗೆ ಹೋದ ಮೇಲೂ ಹಳೆಯ ಪಹಣಿ ಹಿಡಿದು ಇಳುವರಿ ಲೆಕ್ಕ ಹಾಕುವವನನ್ನು ಏನೆನ್ನುತ್ತೀರಿ? ನಮ್ಮ ವಿಶ್ಲೇಷಕರು ಮಾಡುತ್ತಿರುವುದು ಅದನ್ನೇ.

ಹಾಗೆಂದು ಮತದಾರ ಮನಸ್ಸು ಬದಲಿಸಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಷ್ಟು ಬದಲಿಸಿದ ಎಂಬುದನ್ನು ಗೆದ್ದವರ ಪಟ್ಟಿಯಿಂದ ಅಳೆಯಲು ಬರುವುದಿಲ್ಲ, ಅಷ್ಟೇ. ಗೆರೆಯ ಕೆಳಗಿನ ಸಾಲುಗಳನ್ನು ಒಂದಕ್ಕೊಂದು ಹೋಲಿಸಲು ಅಡ್ಡಿಯಿಲ್ಲ, ಗಡಿ ಅದೇ ಇದೆ. 2008ರಲ್ಲಿ ಶಿವಕುಮಾರ್ ಅವರ ಅಂತರ ಏಳು ಸಾವಿರದ ಆಸುಪಾಸು. 2013ರಲ್ಲಿ ಸಿಂಧ್ಯಾ ಅವರೇ ಎದುರಾಳಿಯಾದರೂ ಅದು ಮೂವತ್ತು ಸಾವಿರ ದಾಟಿತು. 2023ರಲ್ಲಿ 1,22,392. ಈ ಏರಿಕೆ ನಿಜವಾದದ್ದು. ಅದಕ್ಕೆ ಕಾರಣ ಪಕ್ಷವೋ, ವ್ಯಕ್ತಿಯೋ, ಎದುರಾಳಿಗಳ ಸೊರಗುವಿಕೆಯೋ ಎಂಬುದು ಬೇರೆ ಚರ್ಚೆ. ಅಲ್ಲಿ ನಾನು ಬಾಯಿ ಬಿಗಿಹಿಡಿಯುತ್ತೇನೆ.

ಇದಕ್ಕಿಂತ ತಲೆ ಕೆಡಿಸುವ ಇನ್ನೊಂದು ಗೋಜಲಿದೆ. ಒಬ್ಬ ಆಕಾಂಕ್ಷಿ (ಒಳ್ಳೆಯ ಹುಡುಗ, ಬಂದಾಗಲೆಲ್ಲ ಒಂದು ಡಜನ್ ಎಳನೀರು ತರುತ್ತಾನೆ) ಟೇಬಲ್ ಕುಟ್ಟಿ ಹೇಳಿದ: ‘2004ರಲ್ಲಿ ದೇವೇಗೌಡರನ್ನೇ ಸೋಲಿಸಿದ ಕನಕಪುರ ಸರ್ ಇದು!’ ಅಪ್ಪಾ, ಅದು ಕನಕಪುರ ಲೋಕಸಭಾ ಕ್ಷೇತ್ರ. ಬೆಂಗಳೂರಿನ ಅಂಚಿನ ಉತ್ತರಹಳ್ಳಿ, ಆನೇಕಲ್‌ಗಳೂ ಅದರೊಳಗಿದ್ದವು. ಅಲ್ಲಿ ತೇಜಸ್ವಿನಿ ಗೌಡ ಗೆದ್ದ ಅದೇ ಚುನಾವಣೆಯಲ್ಲಿ ಕನಕಪುರ ವಿಧಾನಸಭಾ ಕ್ಷೇತ್ರ ಗೆಲ್ಲಿಸಿದ್ದು ಜೆಡಿಎಸ್‌ನ ಸಿಂಧ್ಯಾ ಅವರನ್ನು. ಆ ಲೋಕಸಭಾ ಕ್ಷೇತ್ರವೂ 2008ರಲ್ಲಿ ಮಾಯವಾಗಿ ಬೆಂಗಳೂರು ಗ್ರಾಮಾಂತರ ಬಂತು. ಈಗ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಗಿದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಜಯನಗರ, ಬಸವನಗುಡಿಯ ಕಡೆಗಿದೆ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಮತ್ತೊಂದು ಕಡೆಗಿದೆ. ಮುಂದಿನ ಚುನಾವಣೆಗೆ ನನಗೆ ಬರಲಿರುವ ಕೋಷ್ಟಕಗಳನ್ನು ನೆನೆದರೆ ಈಗಲೇ ತಲೆನೋವು.

ಕನಕಪುರ ಒಂಟಿಯಲ್ಲ. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ 36,042 ಮತಗಳಿಂದ ಸೋತಾಗ, ಐದು ಬಾರಿ ಗೆಲ್ಲಿಸಿದ ಮತದಾರರೇ ಕೈಬಿಟ್ಟರು ಎಂದು ಮಾತಾಡಿದವರೇ ಹೆಚ್ಚು. ಅವರ ಹುಟ್ಟೂರು ಸಿದ್ದರಾಮನಹುಂಡಿ ಈಗ ಇರುವುದು ಚಾಮುಂಡೇಶ್ವರಿಯಲ್ಲಲ್ಲ, 2008ರಲ್ಲಿ ಹುಟ್ಟಿದ ವರುಣಾ ಕ್ಷೇತ್ರದಲ್ಲಿ ಎಂಬುದನ್ನು ಎಷ್ಟು ಜನ ಲೆಕ್ಕಕ್ಕೆ ತೆಗೆದುಕೊಂಡರು? 2004ರಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದ ಸಂತೇಮರಹಳ್ಳಿ ಕ್ಷೇತ್ರವಂತೂ ಇವತ್ತು ನಕ್ಷೆಯಲ್ಲೇ ಇಲ್ಲ. ಅಲ್ಲಿನ ‘ಈಗಿನ ಪರಿಸ್ಥಿತಿ’ ಏನೆಂದು ಕೇಳಿದವರೂ ಇದ್ದಾರೆ.

ಹಾಗಾದರೆ ಹಳೆಯ ಫಲಿತಾಂಶಗಳನ್ನು ಎಸೆದುಬಿಡಬೇಕೇ? ಬೇಡ. ಪುನರ್ವಿಂಗಡಣೆ ಆದೇಶದಲ್ಲಿ ಯಾವ ಊರು ಯಾವ ಕ್ಷೇತ್ರಕ್ಕೆ ಹೋಯಿತು ಎಂಬ ವಿವರವಿದೆ. ಎಣಿಕೆಯ ಅಂತಿಮ ಫಲಿತಾಂಶ ಪತ್ರವಾದ ನಮೂನೆ 20ರಲ್ಲಿ ಮತಗಟ್ಟೆವಾರು ಮತಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಬಳಿವಾರು ಜೋಡಿಸಿದರೆ, 2004ರಲ್ಲಿ ಇಂದಿನ ಗಡಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದರ ಅಂದಾಜು ಸಿಗುತ್ತದೆ. ಅಂದಾಜು ಎಂದೆ, ಸತ್ಯ ಎನ್ನಲಿಲ್ಲ. ಅಂದು ಕಣದಲ್ಲಿ ಯಾರಿದ್ದರು ಎಂಬುದನ್ನು ನೋಡಿಯೇ ಜನ ಮತ ಹಾಕಿರುತ್ತಾರೆ. ಸಾತನೂರಿನ ಅಭ್ಯರ್ಥಿಗಳ ಪಟ್ಟಿಯಲ್ಲಿ ಸಿಂಧ್ಯಾ ಅವರ ಹೆಸರೇ ಇರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಕಾಲಿಗೆ ನೆಲ ಸಿಗುವುದಿಲ್ಲ. ಮತಪತ್ರಗಳ ಕಾಲದಲ್ಲಿ ಎಷ್ಟೋ ಕಡೆ ಬೇರೆ ಬೇರೆ ಪೆಟ್ಟಿಗೆಗಳ ಪತ್ರಗಳನ್ನು ಬೆರೆಸಿಯೇ ಎಣಿಸುತ್ತಿದ್ದರು. 1985ರಲ್ಲಿ ನಮ್ಮೂರು ಯಾರಿಗೆ ಕೊಟ್ಟಿತು ಎಂದು ಕರಾರುವಾಕ್ಕಾಗಿ ಹೇಳುವ ಹಿರಿಯರು ಪ್ರತಿ ಅರಳಿಕಟ್ಟೆಯಲ್ಲೂ ಸಿಗುತ್ತಾರೆ. ಅವರ ಮಾತು ಕೇಳಲು ನನಗೂ ಇಷ್ಟ, ಕೋಷ್ಟಕಕ್ಕೆ ಮಾತ್ರ ಸೇರಿಸುವುದಿಲ್ಲ.

ಮತ್ತೊಂದು ಪುನರ್ವಿಂಗಡಣೆ ಬರಲಿದೆ. ಸ್ಥಾನಗಳ ಸಂಖ್ಯೆಗೆ ಸಂವಿಧಾನ ಹಾಕಿರುವ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ಯಾವ ಹೋಬಳಿ ಎಲ್ಲಿಗೆ ಹೋಗುತ್ತದೆಂದು ಈಗಲೇ ಹೇಳುವವರಿಗೆ ದುಡ್ಡು ಕೊಡಬೇಡಿ. ನನ್ನಲ್ಲಿಗೆ ಬರುವುದಾದರೆ ಗೆದ್ದವರ ಪಟ್ಟಿ ಬೇಡ. ನಿಮ್ಮ ಕ್ಷೇತ್ರದ ಊರುಗಳ ಪಟ್ಟಿ ತನ್ನಿ, ಹೋಬಳಿವಾರು.