ಕಾಲೇಜು ಅಥ್ಲೆಟಿಕ್ಸ್‌ನಲ್ಲಿ ಕೋಚಿಂಗ್ ಶೈಲಿಗಳು: ಯಾವ ನಿರ್ಧಾರ ಯಾರ ಕೈಯಲ್ಲಿ?

ಕಾಲೇಜು ಅಥ್ಲೆಟಿಕ್ಸ್‌ನ ಕೋಚಿಂಗ್ ಶೈಲಿಗಳು ಯಾವುವು ಎಂದು ಕೇಳಿದರೆ ಸರ್ವಾಧಿಕಾರಿ, ಪ್ರಜಾಸತ್ತಾತ್ಮಕ ಎಂದು ಎರಡು ಹೆಸರು ಬರೆದು ಉತ್ತರ ಮುಗಿಸಬೇಡಿ. ಸಂಶೋಧಕರಾದ ಚೆಲ್ಲದುರೈ ಮತ್ತು ಸಾಲೇ 1980ರಲ್ಲಿ ಪ್ರಕಟಿಸಿದ ಕ್ರೀಡಾ ನಾಯಕತ್ವ ಮಾಪನದಲ್ಲಿ ಐದು ಅಂಶಗಳಿವೆ: ತರಬೇತಿ-ಬೋಧನೆ, ಪ್ರಜಾಸತ್ತಾತ್ಮಕ ನಡೆ, ಸರ್ವಾಧಿಕಾರಿ ನಡೆ, ಸಾಮಾಜಿಕ ಬೆಂಬಲ, ಮೆಚ್ಚುಗೆ. ನಿರ್ಧಾರ ಯಾರದು ಎಂಬುದಕ್ಕೆ ಸಂಬಂಧಿಸಿದ್ದು ಎರಡನೆಯದು, ಮೂರನೆಯದು ಮಾತ್ರ. ಗದರಿದ ಮಾತ್ರಕ್ಕೆ ಕೋಚ್ ಸರ್ವಾಧಿಕಾರಿಯಾಗುವುದಿಲ್ಲ. ಮೆಲುದನಿಯಲ್ಲೇ, ಯಾರನ್ನೂ ಕೇಳದೆ ಎಲ್ಲ ತೀರ್ಮಾನಿಸುವವರೂ ಇದ್ದಾರೆ.

ಹ್ಯಾಮರ್, ಜಾವೆಲಿನ್ ಎಸೆತದ ಅಭ್ಯಾಸದಲ್ಲಿ ಚರ್ಚೆಗೆ ಜಾಗವಿಲ್ಲ. ಎಲ್ಲರೂ ಎಸೆದು ಮುಗಿಸಿ ಕೋಚ್ ಹೇಳುವವರೆಗೆ ಯಾರೂ ಮೈದಾನಕ್ಕಿಳಿಯುವಂತಿಲ್ಲ. 4×100 ರಿಲೇಯೂ ಹೆಚ್ಚುಕಡಿಮೆ ಹಾಗೆಯೇ. ಬ್ಯಾಟನ್ ಬದಲಿಸುವ ವಲಯ 30 ಮೀಟರ್. ಹಿಂದಿನವನು ಎಲ್ಲಿಗೆ ಬಂದಾಗ ಮುಂದಿನವನು ಹೊರಡಬೇಕು ಎಂಬುದನ್ನು ಪಾದದಳತೆಯಲ್ಲಿ ಅಳೆದು ಟೇಪ್ ಅಂಟಿಸುತ್ತಾರೆ. ಬೇಗ ಹೊರಟರೆ ಹಿಂದಿನವನ ಕೈಗೆ ಸಿಗುವುದಿಲ್ಲ. ತಡವಾದರೆ ಇಬ್ಬರೂ ಒತ್ತೊತ್ತಾಗಿ ವೇಗ ಕುಸಿಯುತ್ತದೆ. ವಿಡಿಯೊ ನೋಡಿ ಕೋಚ್ ಆ ಗುರುತನ್ನು ಒಂದೊಂದೇ ಪಾದ ಸರಿಸಬೇಕು. ಓಟಗಾರರು ತಮ್ಮತಮ್ಮಲ್ಲೇ ಬದಲಿಸಿಕೊಂಡರೆ ತಪ್ಪು ಎಲ್ಲಾಯಿತೆಂದು ಹುಡುಕುವುದೇ ಕಷ್ಟ.

ಮಧ್ಯಮ ದೂರದ ಓಟದಲ್ಲಿ ಬರೀ ಆಜ್ಞೆ ನಡೆಯುವುದಿಲ್ಲ. 200 ಮೀಟರ್ 12 ಸಲ, ತಲಾ 30 ಸೆಕೆಂಡ್, ನಡುವೆ 2 ನಿಮಿಷ ವಿರಾಮ ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಹುಡುಗ ತನ್ನ ತಾಕತ್ತು ತೋರಿಸಲು ಮೊದಲನೆಯದನ್ನು 27ಕ್ಕೆ ಓಡುತ್ತಾನೆ. ಎಂಟನೆಯದು ಬರುವಷ್ಟರಲ್ಲಿ 33. ‘ನಿಧಾನ!’ ಎಂದು ಕೂಗಿದರೆ ಆ ಒಂದು ಓಟ ಸರಿಹೋದೀತು, ವೇಗದ ಅಂದಾಜು ಮಾತ್ರ ಬರುವುದಿಲ್ಲ. ಸಮಯ ಹೇಳುವ ಮೊದಲು ‘ಎಷ್ಟಾಯಿತು?’ ಎಂದು ಅವನನ್ನೇ ಕೇಳಿ. ಊಹೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಾರದಂತಾದ ಮೇಲೆ ವಾಚನ್ನು ಅವನ ಕೈಗೇ ಕೊಡಬಹುದು.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಿಲ್ ಬೋವರ್‌ಮನ್ ಈ ಎರಡೂ ಶೈಲಿಗಳನ್ನು ಬೆರೆಸಿದವರು: ಕಠಿಣ ದಿನದ ಬೆನ್ನಿಗೆ ಹಗುರ ದಿನ ಬರಲೇಬೇಕು, ಆದರೆ ಎಷ್ಟು ಹಗುರ ದಿನಗಳು ಎಂಬುದು ಓಟಗಾರನನ್ನು ನೋಡಿಕೊಂಡು.

ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಮೇಲ್ಮಟ್ಟವಾದ ಡಿವಿಷನ್ 1ರಲ್ಲಿ, ಸ್ಪರ್ಧಾ ಋತುವಿನಲ್ಲಿ ಕಡ್ಡಾಯ ಅಭ್ಯಾಸಕ್ಕೆ ದಿನಕ್ಕೆ 4, ವಾರಕ್ಕೆ 20 ಗಂಟೆಯ ಮಿತಿಯಿದೆ. ‘ಐಚ್ಛಿಕ’ ಎಂದು ಕರೆದ ಓಟಕ್ಕೂ ಕೋಚ್ ಹಾಜರಿ ಹಾಕಿಸಿಕೊಂಡರೆ ಅದು ಐಚ್ಛಿಕವಲ್ಲ. ಹೀಗಾಗಿ ಎಂಥ ಬಿಗಿ ಕೋಚ್ ಆದರೂ ಕೆಲವು ಹಗುರ ಓಟಗಳನ್ನು ಅಥ್ಲೀಟ್‌ಗಳಿಗೇ ಬಿಡಬೇಕಾಗುತ್ತದೆ. ಎಡವಟ್ಟಾಗುವುದೂ ಅಲ್ಲೇ: ನಾಲ್ಕು ಜನ ಜೊತೆಗೆ ಹೊರಟರೆ ಅದು ಪೈಪೋಟಿಗೆ ತಿರುಗುತ್ತದೆ. ಓಡುತ್ತಲೇ ಪೂರ್ತಿ ವಾಕ್ಯದಲ್ಲಿ ಮಾತಾಡಲಾಗದಿದ್ದರೆ ವೇಗ ಇಳಿಸಬೇಕು ಎಂಬ ಅಳತೆಗೋಲನ್ನು ಮೊದಲೇ ಕಲಿಸಿರಬೇಕು.